ಹುಲಿಗಿಯ ಹರಿಗೋಲು, ನೂರ್ಗಣ್ಣನ ಕನ್ನಡಿ

ಬಹಳ ಬಹಳ ಹಿಂದೆ, ಹೊಳೆಯ ನಡುವೆ ಸುಳಿಗಡ್ಡೆ ಎಂಬ ಪುಟ್ಟ ರಾಜ್ಯವಿತ್ತು. ದಡ ಸೇರಬೇಕೆಂದರೆ ರಾಜನೂ ಹರಿಗೋಲನ್ನೇ ಹತ್ತಬೇಕು. ಅಲ್ಲಿನ ಅಂಬಿಗರದ್ದೊಂದು ಪದ್ಧತಿ: ಹುಟ್ಟು ಹಾಕುವವರನ್ನು ನಡುವೆ ಕೂರಿಸಿಕೊಂಡೇ ಹರಿಗೋಲಿನ ಬಿದಿರು ಹೆಣೆಯುತ್ತಿದ್ದರು. ಅವರ ಮೈಭಾರಕ್ಕೆ ಹದಗೊಂಡ ಹರಿಗೋಲು ಎಂಥ ಸುಳಿಗೂ ಜಗ್ಗುತ್ತಿರಲಿಲ್ಲ. ಹತ್ತೊಂಬತ್ತು ವರ್ಷದ ಅಂಬಿಗರ ಹುಡುಗಿ ಹುಲಿಗಿಯ ಹರಿಗೋಲೂ ಅವಳ ಅಗಲ ಹೆಗಲಿಗೆ, ತುಂಬು ಮೈಗೆ ಹೊಂದಿಕೊಂಡಿತ್ತು.

ಒಂದು ದಿನ ನೂರ್ಗಣ್ಣನೆಂಬ ಮಾಂತ್ರಿಕ ತಲೆಯಿಂದ ಕಾಲಿನವರೆಗೆ ಕಂಬಳಿ ಹೊದ್ದು ಬಂದ. ಪ್ರಾಯದವರಿಗೆಲ್ಲ ಪುಕ್ಕಟೆ ಕನ್ನಡಿ ಹಂಚಿದ. ಪುಕ್ಕಟೆ ಅಂದರೆ ಯಾರು ಬಿಡುತ್ತಾರೆ? ಒಬ್ಬರ ರೂಪ ಎಲ್ಲರ ಕನ್ನಡಿಯಲ್ಲೂ ಕಾಣುತ್ತಿತ್ತು. ಯಾರಾದರೂ ಮೆಚ್ಚಿದರೆ ಆ ರೂಪದವರ ಕನ್ನಡಿಯ ಚೌಕಟ್ಟಿನ ಮೇಲೊಂದು ಚುಕ್ಕಿ ಹೊತ್ತಿಕೊಳ್ಳುತ್ತಿತ್ತು.

“ನಿಮ್ಮ ಮೈಯಲ್ಲಿ ನೀವು ಬೇಡವೆಂದದ್ದನ್ನಷ್ಟೇ ಒಯ್ಯುತ್ತೇನೆ” ಎಂದ ಮಾಂತ್ರಿಕ.

ರಾಜಕುಮಾರಿಗೆ ಮುನ್ನೂರು ಚುಕ್ಕಿ ಹೊತ್ತಿದವು, ಹುಲಿಗಿಗೆ ಮೂರೇ ಮೂರು. ಅವಳು ಕನ್ನಡಿಯನ್ನು ಹತ್ತಿರ ತಂದು ಮುಖ ನೋಡಿಕೊಂಡಳು.

“ಕೆನ್ನೆ ದಪ್ಪ ಅಲ್ಲವೇ?” ಎಂದಿತು ಕನ್ನಡಿ.

“ಬ್ಯಾಡ, ಒಯ್ಯಿ.”

ಕೆನ್ನೆ ಒಳಗಿಳಿಯಿತು. ಮೂವತ್ತು ಚುಕ್ಕಿ ಹೊತ್ತಿ, ಮಧ್ಯಾಹ್ನಕ್ಕೆಲ್ಲ ಆರಿದವು.

“ಹೆಗಲು ಅಗಲ ಅಲ್ಲವೇ?”

“ಅದೂ ಬ್ಯಾಡ.”

ಹೆಗಲು ಕರಗಿತು. ನೂರು ಚುಕ್ಕಿ ಹೊತ್ತಿದವು. ಇವೂ ಆರಿದರೆ ಗತಿಯೇನೆಂದು ಅವಳು ಕಣ್ಣು ಕೀಳದೆ ಕೂತಳು. ಸಂಜೆಗೆ ಅವೂ ಆರಿದವು.

“ಯಾಕ ಮಗಳ, ರೊಟ್ಟಿ ಹಂಗ ಬಿಟ್ಟಿ?” ಅವ್ವ ಕೇಳಿದಳು.

“ಹಸಿವಿಲ್ಲಬೇ.”

ಹಸಿವಿತ್ತು. ಹೊಟ್ಟೆ ಚುರುಗುಟ್ಟುತ್ತಿತ್ತು.

ಮರುದಿನ ಅವ್ವನನ್ನು ಸಂತೆಗೆ ದಾಟಿಸಲು ಹುಲಿಗಿ ಹುಟ್ಟು ಹಿಡಿದಳು. ಹುಟ್ಟೇ ಭಾರವಾಗಿತ್ತು! ಹಗುರಾದ ಒಡತಿಯನ್ನು ಹರಿಗೋಲು ಗುರುತಿಸಲಿಲ್ಲ. ನಡುಹೊಳೆಯಲ್ಲಿ ಗಿರಗಿರನೆ ತಿರುಗುತ್ತ ಸುಳಿಯತ್ತ ಜಾರಿತು.

“ಹುಟ್ಟು ಹಾಕಬೇ ತಾಯಿ, ಹುಟ್ಟು ಹಾಕ!” ಅವ್ವ ಚೀರಿದಳು.

ಮಡಿಲಲ್ಲಿದ್ದ ಕನ್ನಡಿ ಮೂರನೆಯ ಸಲ ಮಾತಾಡಿತು. “ಉಳಿದ ಭಾರವನ್ನೂ ಬೇಡ ಅನ್ನು. ಹೂವಿನ ಹಾಗೆ ತೇಲಿ ದಡ ಸೇರುತ್ತೀಯೆ. ಇಡೀ ರಾಜ್ಯ ನಿನ್ನನ್ನೇ ನೋಡುತ್ತಿದೆ. ಸಾವಿರ ಚುಕ್ಕಿ!”

“ಅವ್ವ?”

“ಅವಳಿಗೆ ಒಂದು ಚುಕ್ಕಿಯೂ ಇಲ್ಲವಲ್ಲ.”

ಹುಲಿಗಿಗೆ ಮೈಯೆಲ್ಲ ಉರಿದುಹೋಯಿತು. ಇಂಥದರ ಮಾತು ಕೇಳಿ ನನ್ನ ಮೈಯನ್ನೇ ಹಳಿದೆನಲ್ಲ ಎಂದು ನಾಚಿಕೆಯೂ ಆಯಿತು.

“ನನ್ನ ಹೆಗಲು ನನಗ ಬೇಕು!” ಎಂದು ಕೂಗಿದಳು. “ನನ್ನ ಕೆನ್ನಿ ನನಗ ಬೇಕು! ಕೊಡೋ ಕಳ್ಳ!”

ಬೇಡವೆಂದದ್ದರ ಮೇಲಷ್ಟೇ ಮಾಂತ್ರಿಕನ ಅಧಿಕಾರವಿತ್ತು. ಬೇಕು ಎಂದೊಡನೆ ಹೆಗಲು ಮರಳಿ ತುಂಬಿಕೊಂಡಿತು. ಹರಿಗೋಲು ತನ್ನವಳನ್ನು ಗುರುತಿಸಿ ನೆಟ್ಟಗೆ ನಿಂತಿತು. ನಾಲ್ಕೇ ಹುಟ್ಟಿಗೆ ಸುಳಿ ಹಿಂದುಳಿಯಿತು.

ಕೆದರಿದ ಕೂದಲು, ಉಬ್ಬಿದ ಕೆನ್ನೆಯ ಆ ಹುಡುಗಿಯನ್ನು ಎಲ್ಲರೂ ಕನ್ನಡಿಯಲ್ಲಿ ನೋಡಿದರು, ಅವಳ ಕೂಗನ್ನೂ ಕೇಳಿದರು. ಒಂದು ಚುಕ್ಕಿಯೂ ಹೊತ್ತಲಿಲ್ಲ. ಆದರೆ ಅರಮನೆಯಿಂದ ಒಂದು ದನಿ ಕೇಳಿತು: “ನನ್ನ ಕಪ್ಪು ಬಣ್ಣ ನನಗೆ ಬೇಕು!” ಬಣ್ಣ ಬೇಡವೆಂದು ಬೆಳ್ಳಗಾಗಿದ್ದ ರಾಜಕುಮಾರಿಯದು. ಆಮೇಲೆ ಮನೆಮನೆಯಿಂದಲೂ ಕೂಗೆದ್ದಿತು. ಕನ್ನಡಿಗಳು ಪಟಪಟನೆ ಒಡೆದವು. ಕದ್ದ ಮೈಯ ತುಂಡುಗಳನ್ನೇ ತನ್ನ ಮೈಯಾಗಿ ಜೋಡಿಸಿಕೊಂಡಿದ್ದ ನೂರ್ಗಣ್ಣನಲ್ಲಿ ಕೊನೆಗೆ ಉಳಿದದ್ದು ಕಂಬಳಿಯೊಂದೇ.

ಸುಳಿಗಡ್ಡೆಯವರು ನಗುನಗುತ್ತ ಬಾಳಿದರು. ಹೊಳೆಗೆ ಬಾಗಿ ನೀರಲ್ಲಿ ತನ್ನ ಮುಖ ಕಂಡಾಗ ಹುಲಿಗಿಗೆ ಒಮ್ಮೊಮ್ಮೆ ಹಳೇ ದಿಗಿಲು ಹುಟ್ಟುತ್ತಿತ್ತು, ಸುಳ್ಳೇಕೆ ಹೇಳಲಿ. ಆಗ ಅವಳು ಹುಟ್ಟು ಬದಿಗಿಟ್ಟು ಮನೆಗೆ ಹೋಗುತ್ತಿದ್ದಳು.

“ಅವ್ವಾ, ಇನ್ನೊಂದು ರೊಟ್ಟಿ ಹಾಕು.”