ಕನ್ನಡಿಗೆ ಅಂಟಿದ ಬೊಟ್ಟು

ಫೆಬ್ರುವರಿ ಹತ್ತು, ಸೋಮವಾರ, ಬೆಳಗ್ಗೆ ಏಳೂವರೆ. ಸಿಸ್ಟರ್ ಲೂರ್ದಮ್ಮ ಮಕ್ತಲ್ ಠಾಣೆಗೆ ಬಂದಾಗ ಅವರ ಬಿಳಿ ಸೀರೆಯ ಅಂಚೆಲ್ಲ ಮಸಿಯಾಗಿತ್ತು. ಬಡ ವಿಧವೆಯರಿಗಾಗಿ ಕನ್ಯಾಸ್ತ್ರೀಯರು ನಡೆಸುವ ಹೊಲಿಗೆ ಕೇಂದ್ರಕ್ಕೆ ನಸುಕಿನಲ್ಲಿ ಬೆಂಕಿ ಬಿದ್ದಿತ್ತು. ಆಫೀಸು ಕೋಣೆಯಲ್ಲಿದ್ದ ಕಂಪ್ಯೂಟರ್, ಕ್ಯಾಮೆರಾ, ದಾನಸಂಸ್ಥೆಗೆ ಕಳಿಸಬೇಕಿದ್ದ ಅರ್ಜಿ ಎಲ್ಲ ಬೂದಿ. ಅರ್ಜಿಗೆ ಶುಕ್ರವಾರ ಕೊನೆ. ತಪ್ಪಿದರೆ ಕೇಂದ್ರಕ್ಕೆ ಬೀಗ.

"ಯಾರ ಮ್ಯಾಲರ ಅನುಮಾನ ಅದ ಏನ್ರಿ?" ಇನ್‌ಸ್ಪೆಕ್ಟರ್ ವಾದೀಂದ್ರ ಕೇಳಿದರು.

"ನಮ್ಮನ್ನ ಕಂಡರ ಆಗದವರು ಇದ್ದಾರ್ರಿ. ಹೆಸರು ಹ್ಯಾಂಗ ಹೇಳಲಿ?"

ಎಫ್‌ಐಆರ್ ಆಯಿತು. ಪಂಚನಾಮೆಗೆ ಕಾನ್‌ಸ್ಟೆಬಲ್ ಮಲ್ಲೇಶ್ವರಿಯೂ ಹೋದಳು. ಬೀಗ ಮುರಿದಿರಲಿಲ್ಲ. ಬೀಗದ ಕೈ ಎಲ್ಲರಿಗೂ ಗೊತ್ತಿದ್ದ ಜಾಗದಲ್ಲಿ, ಅಂಗಳದ ಬಾಗಿಲ ಹಿಂದಿನ ಮೊಳೆಯಲ್ಲೇ ಇತ್ತು. ಹೊಲಿಗೆ ಮಷಿನ್‌ಗಳು ಮಾತ್ರ ಅಂಗಳದ ಬೇವಿನ ಮರದಡಿ ಸಾಲಾಗಿ ನಿಂತಿದ್ದವು, ಮೇಲೆ ತಾಡಪತ್ರಿ.

"ಕಳ್ಳರು ಒಯ್ಯಾಕ ಹೊರಗಿಟ್ಟಾರ," ಅಂದ ಒಬ್ಬ ಪಂಚ.

"ಇಬ್ಬನಿ ಬೀಳಬಾರದಂತ ಹೊದಿಸಿ ಮಲಗಿಸೋ ಕಳ್ಳ ಯಾವನಪ್ಪ?" ಅಂದಳು ಮಲ್ಲೇಶ್ವರಿ.

ಕೈ ತೊಳೆಯಲು ಬಚ್ಚಲಿಗೆ ಹೋದಾಗ ಕನ್ನಡಿಯ ಮೂಲೆಯಲ್ಲಿ ಕುಂಕುಮ ಬಣ್ಣದ ಒಂದು ಸ್ಟಿಕರ್ ಬೊಟ್ಟು ಕಂಡಿತು.

"ನೀವು ಬೊಟ್ಟು ಇಡಂಗಿಲ್ಲ ಸಿಸ್ಟರ್. ಇದು ಯಾರದು?"

"ನಿನ್ನೆ ಅರ್ಜಿಗೆ ಫೋಟೋ ತೆಗೆದ್ವಿ. ಬೊಟ್ಟು ತೆಗೀರಿ ಅಂದೆ. ಎಲ್ಲಾರೂ ತೆಗೆದು ಕನ್ನಡಿಗೆ ಹಚ್ಚಿ, ಹೋಗುವಾಗ ಮತ್ತ ಇಟ್ಕೊಂಡ್ರು. ಇದು ನಮ್ಮಲ್ಲಿ ಹೊಲಿಯೋ ಶಿರಿಷಾಂದು."

"ಬೊಟ್ಟಿದ್ದರ ಏನಾಗ್ತಿತ್ರಿ?"

"ವಿಧವೆಯರಂತ ಕೊಡೋರು ನಂಬಂಗಿಲ್ಲಮ್ಮ. ನಗೋ ಮುಖ ಹಚ್ಚಿ ಕಳಿಸಿದ ಅರ್ಜಿ ಎರಡು ಸಲ ವಾಪಸ್ ಬಂತು. ನನಗೇನು ಇದು ಹಿಗ್ಗಾ?"

"ಶಿರಿಷಾ ಯಾಕ ಬಿಟ್ಟು ಹೋದ್ಲು?"

"ಗದ್ವಾಲದಿಂದ ಪೆಂಟಮ್ಮ ಅನ್ನೋರು ಬಂದಿದ್ರು. ಬಾಗಿಲದಾಗಿಂದನ ತಿರುಗಿ ಹೋದ್ರು. ಅವರ ಹಿಂದ ಓಡಿದ್ಲು."

ಮಧ್ಯಾಹ್ನ ಹನ್ನೆರಡಕ್ಕೆ ಜೀಪು ಗದ್ವಾಲ ಮುಟ್ಟಿತು. ಪೆಂಟಮ್ಮ ಕಟ್ಟೆಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ಮಗ ಕಲ್ಯಾಣನಿಗೆ ಶಿರಿಷಾಳನ್ನು ತಂದುಕೊಳ್ಳುವ ಮಾತಾಗಿತ್ತು.

"ಮತ್ತ ಯಾಕ ಬಿಟ್ಟಿ?" ವಾದೀಂದ್ರ ಕೇಳಿದರು.

"ನಮ್ಮಾಗ ಉಡಿಕಿ ಹೊಸದಲ್ಲ ಸಾರ್. ಗಂಡ ಸತ್ತಾಕಿಗೆ ಸೀರಿ ಉಡಿಸಿ ಕರಕೊಂಡು ಬರ್ತೀವಿ. ನಾರಾಯಣಪೇಟ ಸೀರಿ, ಹಸಿರು ಬಳಿ ತಗೊಂಡ ಹೋಗಿದ್ದೆ. ಅಲ್ಲಿ ನೋಡಿದ್ರ ಬೋಳು ಹಣಿ, ತೊಡಿಮ್ಯಾಲ ಸತ್ತ ಗಂಡನ ಫೋಟೋ. ನನ್ನ ಮಗನ್ನ ಎಲ್ಲಿ ಕುಂದ್ರಿಸಲಿ?"

"ಫೋಟೋಕ್ಕಂತ ಕುಂತಿದ್ಲಮ್ಮ," ಅಂದಳು ಮಲ್ಲೇಶ್ವರಿ.

"ಹಂಗಾದ್ರ ಇನ್ನೂ ಕೆಟ್ಟದ್ದಲ್ಲೇನವ್ವ?"

ಮಲ್ಲೇಶ್ವರಿ ಜೀಪಿನ ಕಡೆ ನಡೆದಳು.

ಸಂಜೆ ನಾಲ್ಕಕ್ಕೆ ಮರಳಿದಾಗ ಶಿರಿಷಾ ಉಳಿದ ಹೆಂಗಸರ ಜೊತೆ ಬೂದಿ ಬಾಚುತ್ತಿದ್ದಳು. ಹಣೆಯಲ್ಲಿ ಹೊಸ ಬೊಟ್ಟಿತ್ತು. ಗಂಡ ಪುಣೆಯ ಕಟ್ಟಡವೊಂದರಿಂದ ಬಿದ್ದು ಸತ್ತು ನಾಲ್ಕು ವರ್ಷ.

"ಮಷಿನ್ ಹೊರಗ ಇಟ್ಟವಳು ನೀನಾ?"

"ಅವು ಏನು ತಪ್ಪು ಮಾಡಿದ್ವು ಅಕ್ಕಾ? ಎಲ್ಲಾರ ಅನ್ನ ಅದರಾಗ ಐತಿ."

"ಬೆಂಕಿ?"

"ಚಿಂದಿಗೆ ಮಷಿನ್ ಎಣ್ಣಿ ಹಾಕಿ ಹಚ್ಚಿದೆ." ಪೊರಕೆ ಗೋಡೆಗಿಟ್ಟಳು. "ವರ್ಷಾ ಫೆಬ್ರುವರಿ ಬಂತಂದ್ರ ನನ್ನ ಗಂಡ ಮತ್ತ ಸಾಯಬೇಕು. ಈ ಸಲ ಒಲ್ಲೆ ಅಂದೆ. 'ಇದೊಂದ್ ಸಲ' ಅಂದ್ರು ಸಿಸ್ಟರ್. ಹೋದ ವರ್ಷನೂ ಹಂಗ ಅಂದಿದ್ರು."

ಬಂಧನದ ಕಾಗದಗಳಾಗುವಾಗ ಸಿಸ್ಟರ್ ಠಾಣೆಗೆ ಬಂದರು, ದೂರು ವಾಪಸ್ ತಗೊಳ್ಳಬಹುದೇ ಎಂದು ಕೇಳಲು. ಬರುವುದಿಲ್ಲ ಎಂದರು ವಾದೀಂದ್ರ. ಸಿಸ್ಟರ್ ಹೊರಗೆ ಮಲ್ಲೇಶ್ವರಿಯ ಹತ್ತಿರ ತಗ್ಗಿದ ದನಿಯಲ್ಲಿ ಹೇಳಿದರು: "ಸುಟ್ಟ ಕೋಣಿ ಫೋಟೋ ದಾನಸಂಸ್ಥೆಯವರಿಗೆ ಮೊಬೈಲ್‌ನಾಗ ಕಳಿಸಿದ್ದೆ. ಹಣ ಕೊಡ್ತಾರಂತ. ಅರ್ಜಿನೂ ಬ್ಯಾಡಂತ."

ಮರುದಿನ ನಾರಾಯಣಪೇಟ ಕೋರ್ಟಿಗೆ ಹಾಜರುಪಡಿಸುವ ಮುಂಚೆ ಫೋಟೋ ಆಗಬೇಕಿತ್ತು. ಮಲ್ಲೇಶ್ವರಿ ಶಿರಿಷಾಳನ್ನು ಸುಣ್ಣದ ಗೋಡೆಗೆ ನಿಲ್ಲಿಸಿದಳು. ಅವಳ ಕೈ ತಾನಾಗಿ ಹಣೆಗೆ ಹೋಯಿತು.

"ತೆಗೀಲೇನಕ್ಕಾ?"

"ಬ್ಯಾಡ. ಇರಲಿ."

ಗಂಡ ಸತ್ತ ಮೇಲೆ ಬೊಟ್ಟಿಟ್ಟುಕೊಂಡು ಅವಳು ತೆಗೆಸಿಕೊಂಡ ಮೊದಲ ಫೋಟೋ ಮಕ್ತಲ್ ಠಾಣೆಯ ಕಡತ ಸೇರಿತು.