ಗಿರಣಿಯ ಕಂಪ್ಯೂಟರ್ ಕಣ್ಣು ಬಿಡದ ಪ್ರಕರಣ

೧೯೭೮ರ ಮಾರ್ಚ್ ೧೦, ಶುಕ್ರವಾರ. ಬೆಳಿಗ್ಗೆ ಒಂಬತ್ತೂವರೆಗೆ ಸೊಲ್ಲಾಪುರದ ವಿಜಾಪುರ ರಸ್ತೆಯ ಠಾಣೆಗೆ ಗಿರಣಿಯೊಂದರ ಆಫೀಸ್ ಮ್ಯಾನೇಜರ್ ಗುರುರಾಜ ಬಂದು ದೂರು ಕೊಟ್ಟರು. ನೂಲಿನ ಲೆಕ್ಕ ಇಡುವ ಕಂಪ್ಯೂಟರನ್ನು ಯಾರೋ ಬೇಕೆಂದೇ ಕೆಡಿಸಿದ್ದಾರೆ. ನಿನ್ನೆ ಬೆಳಿಗ್ಗೆಯಿಂದ ಶುರುವಾಗುತ್ತಿಲ್ಲ.

ದೂರು ಕೇಳಿಸಿಕೊಂಡವನು ಫೌಜದಾರ ಸಾತಲಿಂಗಪ್ಪ. ಮನೆಯಲ್ಲಿ ಮೂರು ತಿಂಗಳ ಮಗಳು. ಆದ್ದರಿಂದ ಕಣ್ಣಲ್ಲಿ ನಿದ್ದೆ, ಖಾಕಿ ಅಂಗಿಯ ಭುಜದ ಮೇಲೆ ಒಂದು ಕಪ್ಪು ಕಲೆ.

“ಅದು ಎಷ್ಟು ದೊಡ್ಡದದರಿ?” ಬರೆದುಕೊಳ್ಳುತ್ತಿದ್ದ ಹವಾಲ್ದಾರ ಕಲ್ಲಣ್ಣ ಕೇಳಿದ.

“ಎರಡು ಕಪಾಟಿನಷ್ಟು.”

“ಹಂಗಾರ ಕಳವಾಗದೇ ಇದ್ದದ್ದು ಛಲೋ ಆತ್ರಿ. ಹೊರೂದು ತಪ್ಪಿತು.”

ಸಾತಲಿಂಗಪ್ಪ ನಗಲಿಲ್ಲ. “ಯಾರ ಮ್ಯಾಲೆ ಸಂಶಯ?”

“ಆಪರೇಟರ್ ಶಿವಾನಂದ. ರವಿವಾರ ಅಕ್ಕಲಕೋಟ್ಯಾಗ ಅವನ ಸಾಖರಪುಡಾ. ಬುಧವಾರ ಬಂದು ಶನಿವಾರದ ರಜಾ ಕೇಳಿದ, ನಾ ಕೊಡಲಿಲ್ಲ. ಮರುದಿನ ಮಶೀನ್ ಬಂದ್. ಸಂಜಿಯೊಳಗ ಅವನ್ನ ಅಟಕ ಮಾಡಿ ಲಾಕಪ್ಪಿಗೆ ಹಾಕ್ರಿ. ಇಲ್ಲಂದ್ರ ನಾನೇ ನೋಕರಿಯಿಂದ ತೆಗೀತೀನಿ.”

ನೋಕರಿ ಹೋದರೆ ನಿಶ್ಚಿತಾರ್ಥವೂ ಹೋಗುತ್ತದೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಕಂಪ್ಯೂಟರ್ ನಡೆಸುವ ಹುಡುಗ ಎಂದೇ ಹೆಣ್ಣಿನ ಮನೆಯವರು ಒಪ್ಪಿದ್ದರು. ಎಫ್‌ಐಆರ್ ದಾಖಲಾಯಿತು.

ಹತ್ತೂವರೆಗೆ ಸ್ಥಳ ಪಂಚನಾಮೆ. ಕಂಪ್ಯೂಟರಿನ ಕೋಣೆಗೆ ಧೂಳು ಹೋಗಬಾರದೆಂದು ಎಲ್ಲರೂ ಕಾಲಲ್ಲಿದ್ದುದನ್ನು ಬಾಗಿಲಲ್ಲಿ ಬಿಡಬೇಕು. ಪೊಲೀಸ್ ಬೂಟು ಬಿಚ್ಚಲು ಕಲ್ಲಣ್ಣನಿಗೆ ಬಹಳ ಹೊತ್ತು ಹಿಡಿಯಿತು. ಗುರುರಾಜ ಕೀಲಿ ತೆಗೆದು ಶಿವಾನಂದನನ್ನೂ ಕರೆಸಿದರು. ಒಳಗೆ ಯಂತ್ರ ತಂಪು ಗಾಳಿಯಲ್ಲಿ ಸುಮ್ಮನೆ ನಿಂತಿತ್ತು.

ಶಿವಾನಂದನಿಗೆ ಇಪ್ಪತ್ತಾರು ವರ್ಷ. ಅವನು ಬೆವರುತ್ತಿದ್ದ.

“ಹೆಂಗ ಶುರು ಮಾಡ್ತಿ, ಮಾಡಿ ತೋರಿಸು,” ಎಂದ ಸಾತಲಿಂಗಪ್ಪ.

ಶಿವಾನಂದ ಸ್ವಿಚ್ ಹಾಕಿದ. ಫ್ಯಾನುಗಳು ತಿರುಗಿದವು, ದೀಪಗಳು ಬಂದವು. ತೂತುಗಳಿರುವ ಕಾಗದದ ಪಟ್ಟಿಯೊಂದನ್ನು ಒಂದು ಮುಚ್ಚಳದ ಕೆಳಗೆ ತೂರಿಸಿದ. “ದಿನಾ ಮುಂಜಾನಿ ಈ ಪಟ್ಟಿ ಓದಿದ ಮ್ಯಾಲೆನೇ ಇದು ಏಳತದರಿ.” ಪಟ್ಟಿ ಸರ್ರನೆ ಓಡಿತು. ಕೆಂಪು ದೀಪ ಹೊತ್ತಿತು. ಯಂತ್ರ ನಿಂತಿತು.

“ಕರೆಂಟು?”

“ಬರೋಬರಿ ಅದರಿ.”

“ಪಟ್ಟಿ ಹರಿದಿರಬೇಕು.”

“ನಿನ್ನೆ ಹೊಸಾದು ಹಾಕೀನ್ರಿ. ಎರಡು ಸಲ. ಆಮ್ಯಾಲ ಸಾಹೇಬ್ರು ನನ್ನ ಹೊರಗ ಹಾಕಿ ಕೀಲಿ ಜಡದ್ರು. ಮುಂಬೈ ಇಂಜಿನಿಯರು ಸೋಮವಾರ ಬರತಾರ.”

“ಬುಧವಾರ ಸಂಜಿ ಬಂದ್ ಮಾಡಿದಾಗ?”

“ಛಲೋ ಇತ್ತರಿ.”

“ಆವಾಗ ಇಲ್ಲಿ ಯಾರ್ ಬಂದಿದ್ರು?”

“ಯಾರೂ ಇಲ್ರಿ.” ಉತ್ತರ ಬೇಗ ಬಂತು. ಸಾತಲಿಂಗಪ್ಪ ಅದನ್ನು ಗಮನಿಸಿದ.

ಹೊರಗೆ ವಾಚ್‌ಮನ್ ಹಣಮಂತಪ್ಪ ಪೊಲೀಸರ ಬೂಟುಗಳನ್ನು ಗೋಡೆಗೆ ಒರಗಿಸಿ ಕೂತಿದ್ದ.

“ಬುಧವಾರ ಸಂಜಿ ಒಳಗ ಯಾರ್ ಹೋದ್ರು?”

“ನಾ ಮಾರಿ ನೋಡೂದಿಲ್ರಿ. ಕಾಲಾಗಿಂದು ಕಾಯ್ತೀನಿ.”

“ಹಂಗಾರ ಕಾಲಾಗಿಂದೇ ಹೇಳು.”

“ಶಿವಾನಂದಪ್ಪಂದು ಒಂದು ಜೋಡಿ. ಇನ್ನೊಂದು ಹೆಣಮಕ್ಕಳದು. ಹಳೇದು, ಕೆಂಪು ಗೊಂಡೆ, ಎಡಗಾಲ ಹಿಮ್ಮಡ ಸವದಿತ್ತು. ಚಪ್ಲಿ ಮ್ಯಾಲೆ ಕಣ್ಣಿಡೋ ತಮ್ಮಾ, ಅಕ್ಕಲಕೋಟಿ ತನಕಾ ಬರಿಗಾಲಲೆ ಹೋಗಾಕ ಆಗೂದಿಲ್ಲ ಅಂತ ಹೇಳಿ ಹೋದಳು ಮುದುಕಿ.”

ಸಾತಲಿಂಗಪ್ಪ ಒಳಗೆ ಬಂದು ಪಟ್ಟಿಯನ್ನು ಕೈಗೆತ್ತಿಕೊಂಡ. ತೂತುಗಳ ಸಾಲಿನುದ್ದಕ್ಕೂ ಸಣ್ಣದೊಂದು ಕಪ್ಪು ಗೆರೆ.

“ಮಶೀನಿನ ಎಣ್ಣಿ,” ಎಂದರು ಗುರುರಾಜ.

ಸಾತಲಿಂಗಪ್ಪ ಅದನ್ನು ಬೆರಳಿಂದ ಉಜ್ಜಿ ಮೂಸಿದ. ತುಪ್ಪ, ಕರ್ಪೂರ. ತನ್ನ ಭುಜ ನೋಡಿಕೊಂಡ. ಅದೇ ಕಪ್ಪು, ಅದೇ ವಾಸನೆ.

“ಈ ಮುಚ್ಚಳದ ಕೆಳಗ ಏನದ?”

“ಅದರ ಕಣ್ಣು ಅದರಿ,” ಎಂದ ಶಿವಾನಂದ. “ಮ್ಯಾಲಿನ ದೀಪದ ಬೆಳಕು ತೂತಿನಿಂದ ಬಂದು ಆ ಗಾಜಿನ ಮ್ಯಾಲೆ ಬಿದ್ರ ಅದು ಓದತದ.”

“ಗೊಂಡೇದ ಚಪ್ಲಿ ಮುದುಕಿ ಯಾರು?”

ಶಿವಾನಂದ ಗುರುರಾಜರನ್ನು ನೋಡಿದ. ಹೊರಗಿನವರನ್ನು ಒಳಗೆ ಬಿಟ್ಟರೆ ಕೆಲಸದಿಂದ ವಜಾ ಎಂಬ ಬೋರ್ಡು ಬಾಗಿಲ ಮೇಲೇ ಇತ್ತು. “ಆಕಿಗೇನೂ ಗೊತ್ತಿಲ್ರಿ. ನಾನೇ ಕೆಡಿಸೀನಿ ಅಂತ ಬರಕೋರಿ.”

“ಹೆಂಗ ಕೆಡಿಸಿದಿ?”

ಶಿವಾನಂದ ಸ್ವಿಚ್ ನೋಡಿದ, ಪಟ್ಟಿ ನೋಡಿದ.

“ಕೆಡಸಾಕೂ ಬರವಲ್ದು ಇವನಿಗೆ,” ಎಂದ ಕಲ್ಲಣ್ಣ.

ಮಧ್ಯಾಹ್ನ ಜೀಪು ಅಕ್ಕಲಕೋಟೆಗೆ, ಹೆಣ್ಣಿನ ಮನೆಗೆ ಹೋಯಿತು. ವಧು ದ್ವಾರಕಾಳ ಅಜ್ಜಿ ಗೋದೂಬಾಯಿ ನಿಶ್ಚಿತಾರ್ಥಕ್ಕೆ ಶೇಂಗಾ ಹುರಿಯುತ್ತಿದ್ದಳು. ಪೊಲೀಸರನ್ನು ನೋಡಿ ಮನೆಯವರೆಲ್ಲ ಹಿಂದೆ ಸರಿದರು. ಅವಳು ಮಾತ್ರ ಕೈ ನಿಲ್ಲಿಸಲಿಲ್ಲ.

“ಗಿರಣ್ಯಾಗ ಮಶೀನಿಗೆ ಏನರ ಹಚ್ಚೀರೇನು?”

“ಹೂಂ. ಕಾಡಿಗಿ ಹಚ್ಚೀನಿ.”

“ಎಲ್ಲಿ?”

“ಕಾಡಿಗಿ ಎಲ್ಲಿ ಹಚ್ಚತಾರಪ್ಪಾ? ಕಣ್ಣಿಗೆ! ಹುಡುಗನೇ ತೋರಿಸಿದ, ಅಜ್ಜೀ ಇದು ಇದರ ಕಣ್ಣು, ಇದರಿಂದ ಓದತದ ಅಂತ. ನೋಡಿದೆ. ರೆಪ್ಪಿ ಇಲ್ಲ, ಹುಬ್ಬಿಲ್ಲ, ಬೋಳು ಕಣ್ಣು. ಅವ ಫೋನ್ ಎತ್ತಾಕ ಹೋದ, ನಾ ಈ ಬೆರಳಿಲೆ ಹಚ್ಚಿದೆ. ಯಾಕ, ಛಂದ ಕಾಣವಲ್ದೇನು?”

ಕಲ್ಲಣ್ಣ ಗೋಡೆಯ ಕಡೆ ತಿರುಗಿ ನಕ್ಕ.

“ನಿಮ್ಮನ್ನ ಅಟಕ ಮಾಡಾಕತ್ತೀನಿ, ಅಜ್ಜಿ,” ಎಂದ ಸಾತಲಿಂಗಪ್ಪ.

“ಮಾಡಪ್ಪಾ. ಜೀಪಿನ್ಯಾಗ ಮುಂದ ಕುಂಡ್ರಸು. ಹಿಂದ ಕುಂತ್ರ ನನಗ ವಾಂತಿ ಬರತದ.”

ಹಿತ್ತಾಳೆಯ ಕಾಡಿಗೆ ಡಬ್ಬಿ ಜಪ್ತಿಯಾಯಿತು. ಆರೋಪಿ ಮುಂದಿನ ಸೀಟಿನಲ್ಲಿ ಕೂತಳು. ಹವಾಲ್ದಾರ ಹಿಂದೆ, ಮಡಿಲಲ್ಲಿ ಒಂದು ಪುಟ್ಟಿ ಶೇಂಗಾ.

ಸಂಜೆ ಪಂಚರ ಎದುರಿಗೆ ಶಿವಾನಂದ ಮುಚ್ಚಳ ಬಿಚ್ಚಿ, ಸ್ಪಿರಿಟಿನಲ್ಲಿ ಅದ್ದಿದ ಅರಳೆಯಿಂದ ಗಾಜು ಒರೆಸಿದ. ಅರಳೆ ಕಪ್ಪಾಯಿತು. ಪಟ್ಟಿ ತೂರಿಸಿದ. ಎಲ್ಲರೂ ಕೆಂಪು ದೀಪವನ್ನೇ ನೋಡುತ್ತಿದ್ದರು. ಅದು ಹೊತ್ತಲಿಲ್ಲ. ಯಂತ್ರದ ಟೈಪ್‌ರೈಟರ್ ತಾನಾಗಿ ಟಕಟಕ ಎಂದು ಒಂದು ಸಾಲು ಬರೆಯಿತು.

“ಎದ್ದಿತು!” ಎಂದು ಕೂಗಿದ ಕಲ್ಲಣ್ಣ. ಗೋದೂಬಾಯಿ ಯಂತ್ರದ ಕಡೆ ಕೈ ನೀವಿ, ತನ್ನ ಕೆನ್ನೆಗೆ ಒತ್ತಿ ಲಟಲಟ ನೆಟಿಗೆ ಮುರಿದಳು.

“ಆದ್ರೂ ಹೊರಗಿನವರನ್ನ ಒಳಗ ಬಿಟ್ಟದ್ದು ತಪ್ಪು,” ಎಂದು ಗುರುರಾಜ ಶುರುಮಾಡಿದರು.

ಬಾಗಿಲಿನಿಂದ ಹಣಮಂತಪ್ಪನ ದನಿ ಬಂತು. “ಖರೇ ಅದರಿ ಸಾಹೇಬ್ರ. ಸೋಮವಾರ ನಿಮ್ಮ ಬೀಗರ ಮಂದಿದು ಒಂಬತ್ತು ಜೋಡಿ ಕಾಯ್ದೀನಿ.”

ಗುರುರಾಜ ಟೈಪಾದ ಸಾಲನ್ನು ಬಹಳ ಹೊತ್ತು ಓದಿದರು. “ಶಿವಾನಂದ, ನಾಳೆ ರಜಾ ತಗೋ,” ಎಂದರು.

ಆರೋಪಿಯನ್ನು ಜಾಮೀನಿನ ಮೇಲೆ ಬಿಡಲಾಯಿತು. ತಪ್ಪು ತಿಳಿವಳಿಕೆಯಿಂದ ಆದದ್ದು ಎಂದು ಪ್ರಕರಣ ಮುಗಿಸಲು ಸಾತಲಿಂಗಪ್ಪ ಶಿಫಾರಸು ಬರೆದ. ಕಾರಣದ ಜಾಗದಲ್ಲಿ ಅವಳ ಮಾತನ್ನೇ ಇಳಿಸಿದ: “ಅದನ್ನ ಕೂಸಿನಂಗ ತಂಪಿನ್ಯಾಗ ಇಟ್ಟಾರ. ಊರ ಮಂದೆಲ್ಲ ಬಂದು ಹಾ ಅಂತ ನೋಡಿ ಹೋಗತಾರ. ದೃಷ್ಟಿ ತೆಗಿಯಾವರು ಒಬ್ರೂ ಇಲ್ಲ. ನಮ್ಮ ದ್ವಾರಕಾ ನಾಳೆ ಉಣ್ಣೂದು ಅದರ ಮ್ಯಾಲೆ.”

ಪಂಚನಾಮೆಯ ಕೊನೆಗೆ ಇನ್ನೊಂದು ಸಾಲು ಸೇರಿತು. ಯಂತ್ರದ ಹಿಂಬದಿಯಲ್ಲಿ, ಅದು ಏನನ್ನೂ ಓದದ ಜಾಗ ನೋಡಿ, ಒಂದು ಕಪ್ಪು ಬೊಟ್ಟು ಇಡಲಾಯಿತು. ಮ್ಯಾನೇಜರರ ತಕರಾರು ಇಲ್ಲ.