ಆರನೆಯ ಗಂಟು

"ಆ ಆರನೇ ಗಂಟು ಬಿಚ್ಚಬೇಡಿ ಅಳಿಯಂದ್ರೇ. ಕೈ ಮುಗೀತೀನಿ."

ಕುಂತಳಾ ಹೀಗನ್ನುವ ಹೊತ್ತಿಗೆ ಧ್ರುವಚರಣ ಗಂಟು ಬಿಚ್ಚಿ ಅವಲಕ್ಕಿಯನ್ನು ಮೊರಕ್ಕೆ ಸುರಿದಾಗಿತ್ತು. ಬೆಲ್ಲದ ಉಂಡೆ ಉರುಳಿ ಗೋಡೆಗೆ ಹೋಗಿ ನಿಂತಿತು.

"ಮನೇಲಿ ಇರೋದು ಐದು ಜನ ಅತ್ತೆ. ನೀವು, ಖೇತ್ರ ಕಾಕಾ, ಸೇಬತಿ, ಟುನಿ, ನಾನು. ಐದು ಬಾಯಿ, ಮೂರು ದಿನ. ಆರನೇದು ಯಾರಿಗೆ? ಇಲಿಗಾ?"

"ಇಲಿ ಆಗಿದ್ರೆ ನಾನೇ ಸಾಕ್ತಿದ್ದೆ" ಎಂದ ಖೇತ್ರ, ಮೂಲೆಯಲ್ಲಿ ಬಲೆ ಹೊಲಿಯುತ್ತ. ಖೇತ್ರ ಕುಂತಳಾಳ ಮೈದುನ. ಒಂದು ಕಾಲು ಕುಂಟು, ನಾಲಿಗೆ ಮಾತ್ರ ನೆಟ್ಟಗೆ. ಅವತ್ತು ಅಷ್ಟು ಅಂದವನು ನಗಲಿಲ್ಲ.

ಬೈತರಣಿ ನದಿ ಕಡಲು ಸೇರುವ ಕಡೆ ಇದೆ ಆ ಊರು. ಅಲ್ಲಿ ಕಾರ್ತಿಕ ಬಂತೆಂದರೆ ಎಲ್ಲರ ಕಿವಿಯೂ ಕಡಲಿನ ಕಡೆಗೇ. ಹುಲ್ಲಿನ ಮಾಡಿಗೆ ಹಗ್ಗ ಬಿಗಿಯುತ್ತಾರೆ. ಹೆಂಗಸರು ಅವಲಕ್ಕಿ ಕುಟ್ಟಿ, ತಲೆಗೊಂದರಂತೆ ಗಂಟು ಕಟ್ಟಿ ತೊಲೆಗೆ ನೇತುಹಾಕುತ್ತಾರೆ. ನೀರು ಬಂದರೆ ಒಲೆ ಉರಿಯುವುದಿಲ್ಲ, ದೋಣಿ ಬರುವುದಿಲ್ಲ. ಆ ಗಂಟೇ ಜೀವ. ಈ ಮನೆಯಲ್ಲಿ ಮಾತ್ರ ಯಾವಾಗಲೂ ಒಂದು ಗಂಟು ಹೆಚ್ಚು. ಅದನ್ನು ಮಾಸಿದ ಕೆಂಪು ಸೆರಗೊಂದರಿಂದ ಹರಿದ ತುಂಡಿನಲ್ಲಿ ಕಟ್ಟುತ್ತಿದ್ದರು. ನೀರು ಹೊಸಿಲು ಮುಟ್ಟಿದ ಕೂಡಲೇ ಅದನ್ನು ಬಾಗಿಲಿನಿಂದ ಆಚೆಗೆ ತೇಲಿಬಿಡುತ್ತಿದ್ದರು.

ಧ್ರುವಚರಣ ಈ ಮನೆಗೆ ಬಂದು ಎಂಟು ತಿಂಗಳಾಗಿತ್ತು. ಕಟಕ ಪಟ್ಟಣದಲ್ಲಿ ಬೆಂಕಿ ಆರಿಸುವ ದಳದಲ್ಲಿ ಹತ್ತು ವರ್ಷ ದುಡಿದು, ಹೊಗೆ ಕುಡಿದು ಎದೆ ಕೆಟ್ಟು, ಹೆಂಡತಿ ಸೇಬತಿ, ಮಗಳು ಟುನಿಯ ಜೊತೆ ಅತ್ತೆಯ ಮನೆ ಸೇರಿದ್ದ. ಮನೆಯಳಿಯ ಅಂತ ಊರು ಆಡಿಕೊಂಡರೂ ಸುಮ್ಮನೆ ಕೂರುವ ಆಳಲ್ಲ. ನಡುಮನೆಯಲ್ಲಿ ಎದೆಯೆತ್ತರಕ್ಕೆ ಬಿದಿರಿನ ಮಂಚಿಕೆ ಕಟ್ಟಿದ. ಬೆಂಕಿಕಡ್ಡಿಗಳನ್ನು ಮೇಣದಲ್ಲಿ ಅದ್ದಿ ಒಣಗಿಸಿದ. ಕುಡಿಯುವ ನೀರಿನ ಹೂಜಿಗಳ ಬಾಯಿಗೆ ಜೇಡಿಮಣ್ಣು ಮೆತ್ತಿದ. ಏಳು ವರ್ಷದ ಟುನಿಗೆ ಒಂದು ಗಂಟು ಹಾಕುವುದನ್ನು ಕಲಿಸಿದ. ಎಳೆದಷ್ಟೂ ಬಿಗಿಯುವ, ಒಂದೇ ಕೈಯಲ್ಲಿ ಬಿಚ್ಚಬಲ್ಲ ಗಂಟು. ಅವನ ದಳದವರು ಬಿಟ್ಟರೆ ಬೇರೆ ಯಾರಿಗೂ ಬಾರದು.

ಗೋಡೆಗೆ ಒರಗಿ ಕುಂತಳಾ ಹೇಳಿದಳು. ಅವಳು ಈ ಮನೆಗೆ ಸೊಸೆಯಾಗಿ ಬಂದ ವರ್ಷ ದೊಡ್ಡ ಗಾಳಿ ಎದ್ದಿತ್ತು. ಮಾಟಗಾರ ಉಚ್ಛಬನ ಮಗಳು ಜೇಮಾ ಕುತ್ತಿಗೆಮಟ್ಟದ ನೀರಿನಲ್ಲಿ ಬಂದು ಇದೇ ಬಾಗಿಲು ಬಡಿದಳು. ಕುಂತಳಾಳ ಅತ್ತೆ ಒಳಗಿನಿಂದಲೇ ಅಂದಳಂತೆ: ತಲೆ ಎಣಿಸಿ ಇಟ್ಟಿದ್ದೀವಿ, ನಿನಗಿಲ್ಲ.

"ಅವಳು ಅಳಲಿಲ್ಲ. 'ಎಣಿಸಿ ಇಟ್ಟಿದ್ದೀರಾ? ಹಾಗಾದ್ರೆ ಎಣಿಸ್ತಾನೇ ಇರಿ' ಅಂದ್ಲು. ಆಮೇಲೆ ಏನೋ ಮಂತ್ರ ಹೇಳೋ ದನಿ. ಬೆಳಿಗ್ಗೆ ನೋಡಿದ್ರೆ ಬಾಗಿಲ ಸಂದೀಲಿ ಅವಳ ಕೆಂಪು ಸೆರಗು ಸಿಕ್ಕಿಕೊಂಡಿತ್ತು. ಅವಳಿರಲಿಲ್ಲ."

"ಪಾಪ. ತಪ್ಪು ನಿಮ್ಮತ್ತೇದೇ. ಆದ್ರೆ ಅದಕ್ಕೂ ಅವಲಕ್ಕಿಗೂ ಏನು?"

ಕುಂತಳಾ ಎದ್ದು ಹೋಗಿ ಪೆಟ್ಟಿಗೆಯಿಂದ ಒಂದು ಅಂಗಿ ತಂದಳು. ನಾಲ್ಕೈದು ವರ್ಷದ ಮಗುವಿನದು. ಕಾಲರಿಗೆ ನೀಲಿ ದಾರದ ಹೊಲಿಗೆ.

"ಆರು ವರ್ಷದ ಮೇಲೆ ಮತ್ತೆ ಬಂದ ಗಾಳೀಲೂ ಎಣಿಸಿಯೇ ಇಟ್ಟಿದ್ವಿ. ನೀರು ಇಳಿದ ಮೇಲೆ ಈ ಅಂಗಿ ಸಿಕ್ತು. ಹೊಲಿಗೆ ನಂದೇ, ಈ ಕೈಯದ್ದೇ. ಆದ್ರೆ ಯಾರಿಗೆ ಹೊಲಿದೆ? ನನಗೂ ನೆನಪಿಲ್ಲ, ಖೇತ್ರಂಗೂ ನೆನಪಿಲ್ಲ. ಅವಳ ಪಾಲು ಅವಳಿಗೆ ಇಡದಿದ್ರೆ ಅವಳು ನಮ್ಮಲ್ಲೊಬ್ಬರ ಜಾಗದಲ್ಲಿ ಕೂತು ಉಣ್ತಾಳೆ ಅಳಿಯಂದ್ರೇ. ಎದ್ದವರು ಮನೇಲೂ ಉಳಿಯಲ್ಲ, ಮನಸ್ಸಲ್ಲೂ ಉಳಿಯಲ್ಲ."

ಧ್ರುವಚರಣ ಅಂಗಿಯನ್ನು ತಿರುಗಿಸಿ ನೋಡಿ ವಾಪಸು ಕೊಟ್ಟ. "ಪಕ್ಕದ ಮನೆ ಮಗೂದು ತೇಲಿಬಂದಿರುತ್ತೆ. ಕಟಕದಲ್ಲಿ ನಾನು ಎಷ್ಟು ಹೆಣ ಎತ್ತಿದೀನಿ ಗೊತ್ತಾ? ಒಂದಾದ್ರೂ ಎದ್ದು ಬಂದು ಅವಲಕ್ಕಿ ಕೇಳಲಿಲ್ಲ."

ಆರನೆಯ ಪಾಲನ್ನು ಅಂದೇ ಸಂಜೆ ಹಾಲು ಹಾಕಿ ತಿಂದು ಮುಗಿಸಿದರು. ಕುಂತಳಾ ಮುಟ್ಟಲಿಲ್ಲ. ಕೆಂಪು ಸೆರಗಿನ ಅರ್ಧವನ್ನು ಧ್ರುವಚರಣ ಉದ್ದಕ್ಕೆ ಸೀಳಿ ಹೊಸೆದು ಲಾಟೀನಿಗೆ ಬತ್ತಿ ಮಾಡಿದ. ಹಳೆಯ ಬಟ್ಟೆಯನ್ನು ದಂಡ ಮಾಡುವುದು ಅವನಿಗೆ ಹಿಡಿಸುತ್ತಿರಲಿಲ್ಲ.

ಅದಾದ ಒಂಬತ್ತನೆಯ ದಿನ ಬೆಳಗಿನಿಂದ ಗಾಳಿ ಸತ್ತಿತ್ತು. ಒಂದು ಕಾಗೆಯೂ ಕೂಗಲಿಲ್ಲ. ಮೈಕು ಕಟ್ಟಿದ ಸೈಕಲ್ ರಿಕ್ಷಾ ಬಂದು, ಎಲ್ಲರೂ ಶಾಲೆಯ ಮಾಳಿಗೆಗೆ ಹೋಗಿ ಎಂದು ಕೂಗಿತು. ಶಾಲೆ ಎರಡು ಮೈಲಿ. "ನಮ್ಮ ಮನೆ ಆ ಶಾಲೆಗಿಂತ ಗಟ್ಟಿ. ಯಾರ ಹಂಗೂ ಬೇಡ" ಎಂದ ಧ್ರುವಚರಣ. ಹಸುವಿನ ಕಣ್ಣಿ ಬಿಚ್ಚಿ ಎತ್ತರದ ದಿಬ್ಬಕ್ಕೆ ಅಟ್ಟಿದರು. ನಡುಹಗಲಿಗೆ ಆಕಾಶ ಮಸಿ ಬಳಿದ ಹಾಗಾಯಿತು. ಗಾಳಿ ಎದ್ದಿತು. ತೆಂಗಿನ ಮರಗಳು ನೆಲ ಮುಟ್ಟಿ ಏಳತೊಡಗಿದವು. ಬಾಗಿಲಿನ ಅಡಿಯಿಂದ ಉಪ್ಪುನೀರು ನಾಲಿಗೆಯಂತೆ ಒಳಕ್ಕೆ ಚಾಚಿತು.

ಐವರೂ ಮಂಚಿಕೆ ಹತ್ತಿದರು. ಧ್ರುವಚರಣ ತನ್ನ ಖಾಕಿ ಅಂಗಿ ಕಳಚಿ ಗೂಟಕ್ಕೆ ಹಾಕಿದ. ಹಗ್ಗದ ಒಂದು ತುದಿಯನ್ನು ತನ್ನ ಸೊಂಟಕ್ಕೂ ಇನ್ನೊಂದನ್ನು ಟುನಿಯ ಸೊಂಟಕ್ಕೂ ಬಿಗಿದ. ಆಮೇಲೆ ಲಾಟೀನು ಹೊತ್ತಿಸಿದ.

"ಬಾಪಾ, ದೀಪ ನಾರ್ತಿದೆ" ಎಂದಳು ಟುನಿ.

ಕೂದಲು ಸುಟ್ಟ ವಾಸನೆ. ಜೊತೆಗೆ ಕೊಳೆತ ಪಾಚಿಯ ವಾಸನೆ.

"ಮೂಗು ಮುಚ್ಕೋ. ಈಗ ಎಲ್ಲರೂ ಎಣಿಕೆ ಹೇಳಿ. ಗಂಟೆಗೊಂದು ಸಲ. ಯಾರೂ ತಪ್ಪಿಸಬಾರದು."

ದಳದಲ್ಲಿ ಕಲಿತ ಪದ್ಧತಿ ಅದು. ಕತ್ತಲಲ್ಲಿ ಯಾರೂ ಕಳೆದುಹೋಗಬಾರದೆಂದು ತಮ್ಮ ತಮ್ಮ ಎಣಿಕೆ ತಾವೇ ಕೂಗುವುದು. ಕುಂತಳಾ "ಒಂದು" ಎಂದಳು. ಖೇತ್ರ "ಎರಡು, ಕಾಲು ಲೆಕ್ಕಕ್ಕೆ ಬಂದ್ರೆ ಒಂದೂವರೆ" ಎಂದ. ಸೇಬತಿ ಮೂರು. ಟುನಿ ನಾಲ್ಕು. ಧ್ರುವಚರಣ ಐದು. ಸರಿಯಾಗಿತ್ತು.

ನೀರು ಮೊಣಕಾಲುದ್ದ ಬಂತು. ಸೊಂಟದುದ್ದ ಬಂತು. ಮಂಚಿಕೆಯ ಕಾಲಿಗೆ ಏನೋ ಬಂದು ಬಂದು ಡಿಕ್ಕಿ ಹೊಡೆಯುತ್ತಿತ್ತು. ಮರದ ಕೊರಡಿರಬೇಕು.

ಎರಡನೆಯ ಸಲ ಎಣಿಕೆ ಹೇಳಿದರು. ಒಂದು. ಎರಡು. ಮೂರು. ನಾಲ್ಕು. ಧ್ರುವಚರಣ ಬಾಯಿ ತೆರೆದ.

"ಐದು" ಎಂದಿತು ಮೂಲೆಯಿಂದ ಒಂದು ಒದ್ದೆ ದನಿ.

ಅವನ ಬಾಯಿ ತೆರೆದೇ ಇತ್ತು. ಕುಂತಳಾ ಸೆರಗು ಬಾಯಿಗೆ ತುರುಕಿಕೊಂಡಳು.

ಲಾಟೀನು ಎತ್ತಿ ನೋಡಿದ. ಅತ್ತೆ. ಕಾಕಾ. ಸೇಬತಿ. ಟುನಿ. ಎಲ್ಲವೂ ಗೊತ್ತಿದ್ದ ಮುಖಗಳೇ. ಹೊಸ ಮುಖ ಒಂದೂ ಇಲ್ಲ. ಗೋಡೆಯ ಮೇಲಿನ ನೆರಳು ಎಣಿಸಿದ. ಆರು. ಮತ್ತೆ ಎಣಿಸಿದ. ಆರೇ.

"ಒಂದು ಗಂಟು ಹೊರಗೆ ಹಾಕಿ ಅಳಿಯಂದ್ರೇ. ನಂದನ್ನೇ ಹಾಕಿ. ಹಂಚಬೇಡಿ. ಹಂಚಿದ್ರೆ ಮುಗೀತು."

"ಮೂರು ದಿನ ಉಪವಾಸ ಸಾಯ್ತೀರಾ? ಗಾಳಿ ಸದ್ದಿಗೆ ಹೆದರಿ?" ಅವನ ದನಿ ಅವನಿಗೇ ದೊಡ್ಡದಾಗಿ ಕೇಳಿಸಿತು. "ಎಣಿಸಿ ಇಟ್ಟಿರೋದು ಅತ್ತೆ. ಹೊರಗಿನವರಿಗೆ ಇಲ್ಲ."

ಆ ಮಾತು ಬಾಯಿಂದ ಬಿದ್ದದ್ದೇ ತಡ, ಹೊರಗೆ ಗಾಳಿ ನಿಂತಿತು. ಮನೆಯೊಳಗೆ ಯಾರೋ ಮೆಲ್ಲಗೆ ಉಸಿರೆಳೆದುಕೊಂಡರು.

ಐದು ಗಂಟುಗಳನ್ನೂ ಅವನೇ ಹಂಚಿದ. ಕೈ ಚಾಚಿದವರಿಗೆಲ್ಲ ಕೊಟ್ಟ. ಒಂದು ಕೈ ಮಂಜಿನ ಹಾಗೆ ತಣ್ಣಗಿತ್ತು. ಕೊನೆಯದನ್ನು ತನ್ನ ಮಡಿಲಲ್ಲಿಟ್ಟುಕೊಂಡ. ಅವಲಕ್ಕಿ ಅಗಿಯುವ ಸದ್ದು. ಬೆಲ್ಲ ಕಡಿಯುವ ಸದ್ದು. ಎಲ್ಲರ ಕೈಯಲ್ಲೂ ಗಂಟಿತ್ತು. ಮಿಕ್ಕಿರಲಿಲ್ಲ. ಕಡಿಮೆಯೂ ಬಿದ್ದಿರಲಿಲ್ಲ.

"ಎಣಿಕೆ" ಎಂದ.

"ಒಂದು." "ಎರಡು." "ಮೂರು." "ನಾಲ್ಕು."

"ಐದು" ಎಂದ ಅವನು.

"ನೋಡು, ಎಲ್ಲಾ ಸರಿಯಾಗಿದೆ" ಎಂದಳು ಸೇಬತಿ. ಅವನ ಎದೆ ಹಗುರಾಯಿತು. ಗೋಡೆಯ ಮೇಲೂ ಐದೇ ನೆರಳು. ಅತ್ತೆ, ಯಾಕೆ ಅಂಗಲಾಚಿದೆ ಎಂಬುದನ್ನೇ ಮರೆತವಳ ಹಾಗೆ, ಬೆಲ್ಲ ಚೀಪುತ್ತಿದ್ದಳು. ಹೆದರಿದ್ದು ಯಾವುದಕ್ಕೆ? ಅವನಿಗೂ ನೆನಪಾಗಲಿಲ್ಲ.

ಆಗ ಸೊಂಟದ ಹಗ್ಗ ಜಗ್ಗಿತು.

ಅವನು ಹಗ್ಗವನ್ನು ನೋಡಿದ. ಮಂಚಿಕೆಯ ಅಂಚಿನಿಂದ ಕೆಳಗಿಳಿದು ಕಪ್ಪು ನೀರಿನೊಳಗೆ ಹೋಗಿತ್ತು. ಬಾಗಿಲಿನ ಕಡೆಗೆ. ಇದರ ತುದಿಗೆ ಏನು ಕಟ್ಟಿದ್ದೆ? ನೀರಿನ ಹೂಜಿಯೆ? ಹಸುವೆ?

"ಸೇಬತೀ, ಈ ಹಗ್ಗಕ್ಕೆ ಯಾರನ್ನ ಕಟ್ಟಿದ್ವಿ?"

"ಯಾರನ್ನೂ ಇಲ್ವಲ್ಲ."

ಮತ್ತೆ ಜಗ್ಗಿತು. ಈಗ ಸಣ್ಣಗೆ. ಸೋತ ಹಾಗೆ.

ಅಗುಳಿ ತನ್ನಷ್ಟಕ್ಕೆ ಮೇಲೆದ್ದಿತು. ಬಾಗಿಲು ತೆರೆಯಿತು. ಹೊರಗಿನ ಕಪ್ಪು ಒಳಗಿನ ಕಪ್ಪನ್ನು ಸೆಳೆಯತೊಡಗಿತು.

ಸೊಂಟದ ಗಂಟು ಮುಟ್ಟಿದ. ಒಂದೇ ಕೈಯಲ್ಲಿ ಬಿಚ್ಚಬಹುದು. ಬೆರಳು ಬಿಚ್ಚಲು ಹೋಯಿತು. ಆಮೇಲೆ ನಿಂತಿತು. ಇದು ಜೀವಕ್ಕೆ ಹಾಕುವ ಗಂಟು. ಹೂಜಿಗೆ ಹಾಕುವುದಲ್ಲ. ಹಸುವಿಗೆ ಹಾಕುವುದಲ್ಲ. ಆ ತುದಿಯಲ್ಲಿ ಒಂದು ಜೀವವಿದೆ. ಯಾರದ್ದೋ ಗೊತ್ತಿಲ್ಲ. ಆದರೆ ಇದೆ.

ಮಡಿಲಲ್ಲಿದ್ದ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಧುಮುಕಿದ. ನೀರು ಎದೆಗೆ ಬಂತು. ಹಗ್ಗ ಹಿಡಿದು ಎಳೆದ. ಎಳೆದ. ಹೊಸಿಲಿನ ಹತ್ತಿರ ಒಂದು ಪುಟ್ಟ ಕೈ ಸಿಕ್ಕಿತು. ಒಂದು ಪುಟ್ಟ ಮುಖ. ಬಾಯಿ ತೆರೆದಿತ್ತು, ದನಿ ಹೊರಡುತ್ತಿರಲಿಲ್ಲ. ಯಾರ ಮಗು ಇದು? ಹೆಸರು ನಾಲಿಗೆಯ ತುದಿಗೆ ಬಂತು, ಜಾರಿತು. ಆ ಕೈ ಖಾಲಿಯಾಗಿತ್ತು. ಎಲ್ಲರ ಕೈಯಲ್ಲೂ ಗಂಟಿತ್ತು, ಈ ಕೈಯಲ್ಲಿ ಮಾತ್ರ ಇರಲಿಲ್ಲ.

ಧ್ರುವಚರಣನಿಗೆ ಆಗ ತಿಳಿಯಿತು. ಐದು ಪಾಲು. ಆರು ಬಾಯಿ.

ಹಲ್ಲಿನಲ್ಲಿದ್ದ ತನ್ನ ಗಂಟನ್ನು ಆ ಕೈಗೆ ತುರುಕಿದ. ಬೆರಳುಗಳನ್ನು ಒಂದೊಂದಾಗಿ ಮಡಚಿದ.

"ತಗೋ ಮಗಾ. ನಂದು. ನಿನಗೆ."

ಹೆಸರು ವಾಪಸು ಬಂತು. ಎದೆ ಬಿರಿಯುವ ಹಾಗೆ ಬಂತು. ಟುನಿ!

"ಟುನೀ!" ಸೇಬತಿ ಮಂಚಿಕೆಯ ಮೇಲಿಂದ ಕಿರುಚಿದಳು. "ಅಯ್ಯೋ ನನ್ನ ಮಗು ನೀರಲ್ಲಿದೆ! ಕಾಕಾ, ಹಿಡೀರಿ!"

ಧ್ರುವಚರಣ ಮಗಳನ್ನು ತಲೆಯ ಮೇಲೆತ್ತಿ ಕೊಟ್ಟ. ಖೇತ್ರ ಎಳೆದುಕೊಂಡ. ಆ ನೂಕಿಗೆ ಧ್ರುವಚರಣನ ಕಾಲು ನೆಲ ಬಿಟ್ಟಿತು. ನೀರು ಬಾಗಿಲಿನ ಕಡೆ ಸೆಳೆಯಿತು. ಹಗ್ಗ ಬಿಗಿಯಾಯಿತು. ಟುನಿ ಮತ್ತೆ ಅಂಚಿಗೆ ಜಾರಿದಳು. ಅವನು ಒಂದೇ ಕೈಯಲ್ಲಿ ತನ್ನ ಗಂಟು ಬಿಚ್ಚಿದ.

ಬಾಗಿಲಿನ ಚೌಕಟ್ಟು ಸಿಕ್ಕಿತು. ತಬ್ಬಿಕೊಂಡ.

"ಸೇಬತೀ! ಕೈ ಕೊಡು!"

ಸೇಬತಿ ಅವನ ಕಡೆಗೇ ನೋಡಿದಳು. ಅವನ ಮುಖದ ಮೂಲಕ ಆಚೆಗೆ ನೋಡಿದಳು.

"ಕಾಕಾ, ಬಾಗಿಲು ಹಾಕಿ. ಗಾಳಿ ಒಳಗೆ ಬರ್ತಿದೆ."

ಖೇತ್ರ ದೋಣಿಯ ಜಲ್ಲೆಯನ್ನು ಚಾಚಿ ಬಾಗಿಲು ನೂಕಿದ. ಅದು ಗಟ್ಟಿಯಾದ ಬಾಗಿಲು, ಧ್ರುವಚರಣನೇ ಪಟ್ಟಿ ಹೊಡೆದು ಭದ್ರ ಮಾಡಿದ್ದು. ಮುಚ್ಚುವ ಮುಂಚೆ ಒಳಗಿನ ಎಣಿಕೆ ಅವನ ಕಿವಿಗೆ ಬಿತ್ತು. ಒಂದು. ಎರಡು. ಮೂರು. ಟುನಿ, ನಡುಗುತ್ತ, ನಾಲ್ಕು.

ಆಮೇಲೆ ಬೆಲ್ಲ ತುಂಬಿದ ಬಾಯಿಯ ಒದ್ದೆ ದನಿ. ಐದು.

ಮೂರನೆಯ ದಿನ ನೀರಿಳಿಯಿತು. ದೋಣಿಯವನು ಬಂದು ಎಷ್ಟು ಜನ ಎಂದು ಕೇಳಿದ. ಕುಂತಳಾ ನಾಲ್ವರು ಎಂದಳು. ಇದ್ದದ್ದೂ ನಾಲ್ವರೇ. ಮಂಚಿಕೆಯ ಮೂಲೆಯಲ್ಲಿ ಒಂದು ಕಡೆ ಬಿದಿರು ಒದ್ದೆಯಾಗಿ ಪಾಚಿ ಹಿಡಿದಿತ್ತು.

"ಈ ಮಂಚಿಕೆ ಕಟ್ಟಿದ ಪುಣ್ಯಾತ್ಮ ಯಾರೋ, ಅವನ ಹೊಟ್ಟೆ ತಣ್ಣಗಿರಲಿ" ಎಂದ ಖೇತ್ರ.

ಮನೆ ತೊಳೆಯುವಾಗ ಗೂಟದಲ್ಲಿ ಒಂದು ಖಾಕಿ ಅಂಗಿ ಸಿಕ್ಕಿತು. ಕುಂತಳಾ ಅದನ್ನು ಖೇತ್ರನ ಎದೆಗೆ ಹಿಡಿದು ನೋಡಿದಳು. ದೊಡ್ಡದಾಯಿತು. ಪೆಟ್ಟಿಗೆ ತೆರೆದು, ನೀಲಿ ದಾರದ ಪುಟ್ಟ ಅಂಗಿಯ ಮೇಲೆ ಅದನ್ನು ಮಡಚಿಟ್ಟಳು. ಸೇಬತಿ ಈಗಲೂ ಬೆಳಿಗ್ಗೆ ಬೈತಲೆಗೆ ಸಿಂದೂರ ಇಡುತ್ತಾಳೆ. ಇಡುವಾಗ ಅವಳ ಕೈ ಒಂದು ಗಳಿಗೆ ನಿಲ್ಲುತ್ತದೆ.

ಮರುವರ್ಷದ ಕಾರ್ತಿಕಕ್ಕೆ ಕುಂತಳಾ ನಾಲ್ಕು ಗಂಟು ಕಟ್ಟಿದಳು. ಉಳಿದಿದ್ದ ಅರ್ಧ ಕೆಂಪು ಸೆರಗಿನಲ್ಲಿ ಐದನೆಯದನ್ನೂ ಕಟ್ಟಿದಳು. ಮೊರದಲ್ಲಿ ಇನ್ನೂ ಅವಲಕ್ಕಿ ಉಳಿಸಿಕೊಂಡು ಟುನಿ ಕೂತಿದ್ದಳು. ಮೇಣ ಸವರಿದ ಎರಡು ಬೆಂಕಿಕಡ್ಡಿಗಳನ್ನು ಅದರೊಳಗೆ ಇಟ್ಟು, ಬಟ್ಟೆ ಸುತ್ತಿ ಆರನೆಯ ಗಂಟು ಮಾಡಿ, ಮೇಲೆ ಹಗ್ಗ ಬಿಗಿದಳು. ಕುಂತಳಾ ಎಳೆದು ನೋಡಿದಳು. ಎಳೆದಷ್ಟೂ ಬಿಗಿಯಿತು. ಟುನಿ ಒಂದೇ ಕೈಯಲ್ಲಿ ಅದನ್ನು ಬಿಚ್ಚಿ ತೋರಿಸಿ, ಮತ್ತೆ ಹಾಕಿದಳು.

"ಈ ಗಂಟು ಯಾರೇ ಕಲಿಸಿದ್ದು ನಿನಗೆ?" ಅಜ್ಜಿ ಕೇಳಿದಳು.

"ಗೊತ್ತಿಲ್ಲ ಆಯೀ" ಎಂದಳು ಟುನಿ. "ಕೈಗೆ ಗೊತ್ತು."